ಹಗೇವಿಗೆ ಇಳಿಸಿದ ದೀಪ

"ಗುರುಗಳೇ, ನನ್ನ ಮಗಳನ್ನು ಹೇಗೆ ತಿದ್ದಲಿ?" ಎಂದು ಶಿಷ್ಯನೊಬ್ಬ ಕೇಳಿದ. "ಏನು ಹೇಳಿದರೂ ನಂಬುವುದಿಲ್ಲ. ಕಲ್ಲು ಮುಳುಗುತ್ತದೆ, ಬೆಂಡು ತೇಲುತ್ತದೆ ಎಂದರೆ ಎರಡನ್ನೂ ನೀರಿಗೆ ಹಾಕಿ ನೋಡಿಯೇ ತೀರುತ್ತಾಳೆ. ಮನೆಯೆಲ್ಲ ಒದ್ದೆ. ನನ್ನ ಮಾತಿಗೆ ಬೆಲೆಯೇ ಇಲ್ಲ."

ಗುರುಗಳು ನಕ್ಕರು. "ಪಾಪ, ಬೆಲೆ ಹೋಯಿತೇ? ಕೂತು ಕೇಳು," ಎಂದು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹಿತ್ತಲಿನಲ್ಲಿ ಒಂದು ಹಗೇವು ಇತ್ತು. ನೆಲವನ್ನು ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿಡುವ ಗುಂಡಿ ಅದು. ಹಿಂದೆ ಆ ಮನೆಯವರು ಹಗೇವು ತೆರೆದಾಗ ಮೊದಲು ದೀಪವನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಡುತ್ತಿದ್ದರು. ರೈತನ ತಾತನ ಕಾಲದಲ್ಲಿ ಒಮ್ಮೆ ಆ ದೀಪ ಆರಿತು. ತಾತ ಲೆಕ್ಕಿಸದೆ ಇಳಿದ, ಹೆಣವಾಗಿ ಮೇಲೆ ಬಂದ. ದೀಪ ಆರಿದ್ದರಿಂದಲೇ ಜೀವ ಹೋಯಿತೆಂದು ಮನೆಯವರು ತೀರ್ಮಾನಿಸಿದರು. ಅಂದಿನಿಂದ ದೀಪವನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಹಗೇವಿನ ಬಾಯಿಯ ಪಕ್ಕ ಹಚ್ಚಿ, ಆರದಂತೆ ಕೈ ಅಡ್ಡ ಹಿಡಿದು ಕಾಯತೊಡಗಿದರು. ಎಂಥ ಜಾಣತನ ನೋಡು! ಆದರೂ ಯಾರಿಗೂ ಏನೂ ಆಗಲಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಪೂಜೆ ಮುಗಿಸಿ, ಮರುದಿನ ಇಳಿಯುವುದು ರೂಢಿಯಾಗಿತ್ತು.

ರೈತನಿಗೆ ನೀಲವ್ವ ಎಂಬ ಪುಟ್ಟ ಮಗಳಿದ್ದಳು. ಅವಳೂ ನಿನ್ನ ಮಗಳ ಜಾತಿಯವಳೇ. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉರಿಯುವ ದೀಪದ ಮೇಲೆ ಉಪ್ಪಿನಕಾಯಿಯ ಗಾಜಿನ ಭರಣಿ ಕವುಚುತ್ತಿದ್ದಳು. ಜ್ವಾಲೆ ಸಣ್ಣಗಾಗಿ ಆರುತ್ತಿತ್ತು. ದೊಡ್ಡ ಭರಣಿ ಕವುಚಿದರೆ ಸ್ವಲ್ಪ ತಡವಾಗಿ ಆರುತ್ತಿತ್ತು. ಒಳಗಿನ ಗಾಳಿ ಕೆಟ್ಟರೆ ದೀಪ ಬದುಕುವುದಿಲ್ಲ ಎಂದು ತಾಯಿ ಮಗಳಿಬ್ಬರೂ ಕಂಡುಕೊಂಡರು. ದೀಪ ಆರಿಸುವ ಆಟವೇ ಎಂದು ಅಜ್ಜಿ ಬೈದಳು. ತಂದೆ ಭರಣಿಯನ್ನು ಅಟ್ಟದ ಮೇಲಿಟ್ಟ.

ಆ ವರ್ಷ, ಅರ್ಧ ಖಾಲಿಯಾಗಿದ್ದ ಹಗೇವನ್ನು ತೆರೆದ ಹೊತ್ತಿಗೇ ಕಪ್ಪು ಮೋಡ ಕವಿಯಿತು. ಬಾಯಿಗೆ ಮತ್ತೆ ಮಣ್ಣು ಮೆತ್ತಲು ಹೊತ್ತಿರಲಿಲ್ಲ; ಮಳೆ ಒಳಗೆ ಬಿದ್ದರೆ ಜೋಳ ಕೊಳೆಯುತ್ತದೆ. ನಾಳೆಯವರೆಗೆ ಕಾಯಲಾಗದೆಂದು ರೈತ ಸೊಂಟಕ್ಕೆ ಹಗ್ಗ ಬಿಗಿದ. ಬಾಯಿಯ ಅಂಚಿನಲ್ಲಿ ಕೂತು ಒಳಗೆ ಕಾಲು ಇಳಿಬಿಟ್ಟ. ಅಜ್ಜಿ ದೀಪಕ್ಕೆ ಕೈ ಅಡ್ಡ ಹಿಡಿದಿದ್ದಳು.

ನೀಲವ್ವ ಓಡಿ ಬಂದು ಹಗ್ಗ ಹಿಡಿದಳು. "ಅಪ್ಪಾ, ಮೊದಲ ದೀಪ ಒಳಗ ಬಿಡು."

"ದೀಪ ಆರಿದ್ರ ಜೀವ ಹೋಗತೈತಿ, ಗೊತ್ತಿಲ್ಲೇನು? ಹಗ್ಗ ಬಿಡು!"

ಗುಡುಗು ಹತ್ತಿರವಾಯಿತು. ರೈತ ಕೈಯೂರಿ ಕೆಳಗೆ ಜಾರಲು ಅಣಿಯಾದ. ಆಗ ಅವನ ಹೆಂಡತಿ ಅತ್ತೆಯ ಮುಂದಿನ ದೀಪವನ್ನು ಎತ್ತಿ, ಬಕೆಟಿನಲ್ಲಿಟ್ಟು, ಹಗ್ಗ ಕಟ್ಟಿ ಒಳಗೆ ಬಿಟ್ಟೇಬಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ದೀಪ ಸ್ವಲ್ಪ ದೂರ ಉರಿಯುತ್ತ ಇಳಿಯಿತು. ಸಣ್ಣಗಾಯಿತು. ಆರಿತು.

ಅಜ್ಜಿ ಚೀರಿದಳು. ರೈತ ಮೇಲೆದ್ದು ಮಗಳ ಮೇಲೆ ಕೈ ಎತ್ತಿದ. ನೀಲವ್ವನಿಗೆ ಬಹಳ ಹೆದರಿಕೆಯಾಯಿತು. ತಾಯಿಯ ಸೆರಗಿನ ಹಿಂದೆ ಅಡಗಿದಳು. ಅಲ್ಲಿಂದಲೇ ಅಳುತ್ತ ಹೇಳಿದಳು: "ಇನ್ನೊಮ್ಮೆ ಹಚ್ಚಿ ಬಿಡ್ರಿ. ಗಾಳಿ ಕೆಟ್ಟಿದ್ರ ಮತ್ತ ಅಲ್ಲೇ ಆರತೈತಿ, ನೋಡೂಣು."

ತಾಯಿ ಮತ್ತೆ ಹಚ್ಚಿ ಬಿಟ್ಟಳು. ಅಷ್ಟೇ ಆಳದಲ್ಲಿ ಆರಿತು. ರೈತ ಹಗ್ಗ ಕಿತ್ತುಕೊಂಡು ತಾನೇ ಬಿಟ್ಟು ನೋಡಿದ. ಅಲ್ಲೇ ಆರಿತು. ಅವನು ಸೊಂಟದ ಹಗ್ಗ ಬಿಚ್ಚಿದ. ಅಷ್ಟರಲ್ಲಿ ಮಳೆ ಬಂತು. ಬಾಯಿಗೆ ಚಪ್ಪರದ ತಟ್ಟಿ ಅಡ್ಡ ಹಿಡಿದರೂ ಮೇಲಿನ ಜೋಳ ನೆನೆಯಿತು. ಅವನು ಇಳಿಯಲಿಲ್ಲ.

ಮರುದಿನ ಬೇವಿನ ಸೊಪ್ಪಿನ ದೊಡ್ಡ ಕಟ್ಟನ್ನು ಹಗ್ಗದಿಂದ ಏರಿಸಿ ಇಳಿಸಿ ಒಳಗಿನ ಗಾಳಿ ಕದಡಿದರು. ದೀಪ ಉರಿಯುತ್ತಲೇ ಜೋಳದವರೆಗೆ ಹೋಯಿತು. ಆಮೇಲೆ ರೈತ ಇಳಿದ, ಜೋಳ ತುಂಬಿಕೊಂಡು ಮೇಲೆ ಬಂದ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟು ಕೇಳಿದ: "ಆ ರೈತ ಮಗಳನ್ನು ತುಂಬ ಹೊಗಳಿರಬೇಕು, ಅಲ್ಲವೇ?"

"ಎಲ್ಲಿಯ ಹೊಗಳಿಕೆ! ಮುದುಕನಾಗುವವರೆಗೂ ಬದುಕಿ, ತಾನು ಏನು ಹೇಳಿದರೂ ಮಗಳು ನಂಬುವುದಿಲ್ಲವೆಂದು ನಿನ್ನ ಹಾಗೆಯೇ ದೂರುತ್ತಿದ್ದ."