ಹುಂಜ ಮೇಷ್ಟ್ರು ಕೆಸರಿಗಿಳಿದದ್ದು

ಹೊನ್ನಿ ಅನ್ನೋ ಹೇಂಟೆ ತನ್ನ ಮೊಟ್ಟೆಗಳ ಜೊತೆ ಒಂದು ಬಾತುಮೊಟ್ಟೆಗೂ ಕಾವು ಕೊಟ್ಟಿದ್ದಳು. ಆ ಬಾತುಮರಿಯೂ ಹುಂಜ ಮೇಷ್ಟ್ರ ಶಾಲೆ ಸೇರಿತು. ಅಲ್ಲಿ ಪಾಠ ಒಂದೇ, ತಿಪ್ಪೆ ಕೆದಕಿ ಹುಳ ಹಿಡಿಯೋದು. ಬೆರಳು ಕೂಡಿಕೊಂಡ ಕಾಲಿಗೆ ಕೆದಕೋದು ಬರಲೇ ಇಲ್ಲ.

“ಇವನಿಗೆ ವಿದ್ಯೆ ಹತ್ತೋದಿಲ್ಲ, ಕರ್ಕೊಂಡು ಹೋಗಮ್ಮ,” ಎಂದರು ಮೇಷ್ಟ್ರು.

“ಕಲಿಸೋಕೆ ಬಾರದವರಿಗೆ ಇಷ್ಟುದ್ದ ಜುಟ್ಟು ಯಾಕ್ರೀ?” ಎಂದು ಹೊನ್ನಿ ರೆಕ್ಕೆ ಕೆದರಿ ನಿಂತಳು.

ಜಗಳ ಬಿಡಿಸಲು ಬಂದ ಎಮ್ಮೆಕ್ಕ ಇಬ್ಬರ ಮಾತನ್ನೂ ಕೇಳಿ, “ಮೇಷ್ಟ್ರೇ, ನಿಮಗೆ ಬೇಕಾದ್ದು ಕೆದಕೋದೋ, ಹುಳವೋ?” ಅಂದಳು.

“ಹುಳವೇ.”

“ಹಾಗಾದ್ರೆ ಇವತ್ತಿನ ಪಾಠ ನನ್ನ ಕೆಸರುಗುಂಡೀಲಿ ನಡೀಲಿ.”

ಬಾತುಮರಿ ಕೊಕ್ಕಿನಲ್ಲಿ ಕೆಸರು ಸೋಸಿ ಬಾಯ್ತುಂಬ ಹುಳ ತಂದಿತು. ತಾನೇನು ಕಡಿಮೆ ಅಂತ ಇಳಿದ ಮೇಷ್ಟ್ರು ತೊಡೆಮಟ್ಟ ಹೂತುಹೋದರು.

ಮರಿ ಪಕ್ಕಕ್ಕೆ ಬಂದು ಹೇಳಿತು, “ಹೆದರಬೇಡಿ ಮೇಷ್ಟ್ರೇ, ನಿಧಾನವಾಗಿ ಕಲೀರಿ. ನಾನು ಬೈಯೋದಿಲ್ಲ.”