ಗುಜರಿ ಅಂಗಡಿಯ ಉಳಿ

ಮುದ್ದರಂಗ ಛತ್ರಿ ರಿಪೇರಿ ಮಾಡುವವನು. ಮಳೆಗಾಲದಲ್ಲಿ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮಳೆಗಾಲ ಮುಗಿದ ಮೇಲೆ ಅವನನ್ನು ಕೇಳುವವರೇ ಇಲ್ಲ. ಉಳಿದ ತಿಂಗಳುಗಳಲ್ಲಿ ಏನು ಮಾಡಬೇಕು? ಬೇರೆಯವರಾಗಿದ್ದರೆ ಜಗಲಿಯ ಮೇಲೆ ಕೂತು ಊರಿನವರ ಸುದ್ದಿ ಎತ್ತುತ್ತಿದ್ದರು. ಮುದ್ದರಂಗ ಗೊಂಬೆ ಮಾಡಲು ಕೂತ.

ಗೊಂಬೆ ಎಂದರೆ ನೀವು ಆಡಿ ಮೂಲೆಗೆ ಎಸೆಯುವ ಗೊಂಬೆಯಲ್ಲ ಮಕ್ಕಳೇ. ಸೂತ್ರದ ಗೊಂಬೆ. ಮೂರು ಮೈಲಿ ದೂರದ ಊರಿನಲ್ಲಿ ಗೊಂಬೆಯಾಟದ ಹಳೆಯ ಮೇಳವೊಂದಿತ್ತು. ಅಲ್ಲಿ ಆಡಿಸುವವನು ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟುಕೊಳ್ಳುತ್ತಾನೆ. ಗೊಂಬೆಯ ದಾರಗಳನ್ನು ಆ ಸಿಂಬೆಗೆ ಕಟ್ಟಿರುತ್ತಾರೆ. ಅವನ ಎರಡು ಕೈಯಲ್ಲಿ ಗೊಂಬೆಯ ಎರಡು ಕೈಗಳ ಸಲಾಕೆ. ಅವನು ತಲೆ ತಗ್ಗಿಸಿದರೆ ಗೊಂಬೆ ತಲೆ ತಗ್ಗಿಸುತ್ತದೆ. ಅವನು ಗೆಜ್ಜೆ ಕಟ್ಟಿ ಕುಣಿದರೆ ಗೊಂಬೆ ಕುಣಿಯುತ್ತದೆ.

ಇದನ್ನೆಲ್ಲ ಮುದ್ದರಂಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪರದೆಯ ಹಿಂದೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಅವನು ನೋಡಿದ್ದೆಲ್ಲ ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತು. ದಾರ ಎಲ್ಲಿ ಕಟ್ಟುತ್ತಾರೆ, ಕತ್ತು ಹೇಗೆ ಕೂರಿಸುತ್ತಾರೆ ಎಂಬುದನ್ನು ಮನೆಗೆ ಬಂದು ತಾನೇ ಊಹಿಸಬೇಕು. ಊಹಿಸಿದ, ಕೆತ್ತಿದ, ಕೆಡಿಸಿದ. ಏಳು ವರ್ಷದಲ್ಲಿ ಎಂಟು ಗೊಂಬೆ ಕೆಡಿಸಿದ. ಊರಿನವರಿಗೆ ನಗಲು ಒಂದು ವಿಷಯ ಸಿಕ್ಕಿತು.

ಅವನ ಹೆಂಡತಿ ಓಬಮ್ಮನಿಗೆ ಕೆಟ್ಟ ಗೊಂಬೆಯನ್ನು ಒಲೆಗೆ ಹಾಕಲು ಮನಸ್ಸು ಬರುತ್ತಿರಲಿಲ್ಲ. ಕಣ್ಣು ಬರೆಯುವುದನ್ನು ಅವನು ಕೊನೆಗೆಂದು ಬಿಡುತ್ತಿದ್ದ. ಕಣ್ಣಿಲ್ಲದಿದ್ದರೂ ಮೂಗು ಬಾಯಿ ಇದೆಯಲ್ಲ, ಹೇಗೆ ಸುಡುವುದು? ಹಾಗೆಂದು ಸುಮ್ಮನೆ ಕೂರಿಸಿ ಸಾಕುವ ಹೆಂಗಸೂ ಅವಳಲ್ಲ. ಮೊದಲನೆಯ ಗೊಂಬೆ ಕಲ್ಲಿನಷ್ಟು ಭಾರವಾಗಿತ್ತು. ಗಾಳಿಗೆ ಬಾಗಿಲು ಬಡಿಯದಂತೆ ಅದನ್ನು ಬಾಗಿಲಿಗೆ ಒತ್ತು ಕೊಟ್ಟಳು. ಇನ್ನೊಂದನ್ನು ಅಂಗಳದಲ್ಲಿ ಸಂಡಿಗೆ ಕಾಯಲು ನಿಲ್ಲಿಸಿದಳು. ಒಂದರ ಕೈಗೆ ಒಗೆದ ಬಟ್ಟೆಯ ಹಗ್ಗ ಕಟ್ಟಿದಳು. ಹೀಗೆ ಎಂಟಕ್ಕೂ ಆ ಮನೆಯಲ್ಲಿ ಒಂದೊಂದು ಕೆಲಸವಿತ್ತು.

ಒಂಬತ್ತನೆಯದು ರಾಣಿ ಗೊಂಬೆ. ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ಮುಗಿಸಿದ ದಿನ ಮುದ್ದರಂಗ ಸಿಂಬೆ ಇಟ್ಟುಕೊಂಡು, ದಾರ ಕಟ್ಟಿ, ಅಂಗಳದಲ್ಲಿ ನಿಂತು ಮೆಲ್ಲಗೆ ತಲೆ ತಗ್ಗಿಸಿದ. ರಾಣಿ ಕೈ ಮುಗಿದು ತಲೆ ಬಾಗಿಸಿದಳು. ಓಬಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ತನಗೆ ಅರಿವಿಲ್ಲದೆ ತಾನೂ ಕೈ ಮುಗಿದಳು. ಅಂದು ಅವನಿಗೆ ಆದ ಸಂತೋಷವನ್ನು ಹೇಳಿ ಮುಗಿಸಲಾಗದು.

ಮರುದಿನ ರಾಣಿಯನ್ನು ಪಂಚೆಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಮೇಳದ ಮನೆಗೆ ಹೋದ. ಮೇಳಕ್ಕೂ ಆಗ ಒಂದು ರಾಣಿ ಬೇಕಿತ್ತು. ಹಳೆಯ ರಾಣಿಗೆ ಹುಳು ಹಿಡಿದು ಮುಖವೇ ಉದುರಿಹೋಗಿತ್ತು. ಮೇಳಕ್ಕೆ ಗೊಂಬೆ ಕೆತ್ತುತ್ತಿದ್ದ ಮನೆತನದವರು ಉಳಿ ಕೆಳಗಿಟ್ಟು ಎಷ್ಟೋ ಕಾಲವಾಗಿತ್ತು. ಮೇಳದ ಯಜಮಾನರು ಕರಿಗಿರಯ್ಯನವರು. ಎಂಬತ್ತು ದಾಟಿದ ಮುದುಕರು. ಮಂಡಿ ನೋವಿನಿಂದ ಆಡಿಸುವುದನ್ನು ಬಿಟ್ಟಿದ್ದರು, ಆದರೆ ಅವರ ಕಣ್ಣು ತಪ್ಪಿಸಿ ಒಂದು ದಾರವೂ ಅಲ್ಲಾಡುವಂತಿರಲಿಲ್ಲ.

ಅವರು ರಾಣಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೂರಿಸಿದರು, ನಡೆಸಿದರು, ಬಾಗಿಸಿದರು. ಎರಡನೆಯ ಸಲ ಬಾಗಿಸಿದರು. ಮೂರನೆಯ ಸಲವೂ ಬಾಗಿಸಿದರು.

"ಈ ಕತ್ತು ಕೂರ್ಸೋದು ಯಾರು ಹೇಳ್ಕೊಟ್ರಪ್ಪ ನಿಂಗೆ?" ಎಂದು ಕೇಳಿದರು.

ಮುದ್ದರಂಗ ಇಲ್ಲಿ ನಿಜ ಹೇಳಬೇಕಿತ್ತು. ಆದರೆ ಸುತ್ತಲೂ ಮೇಳದವರು ನಿಂತಿದ್ದರು. ಅವರೆಲ್ಲ ಅಪ್ಪನಿಂದ, ತಾತನಿಂದ ಕಲಿತವರು. ಒಬ್ಬೊಬ್ಬರ ಹಿಂದೆಯೂ ನಾಲ್ಕು ತಲೆಮಾರಿನ ಹೆಸರು. ತನ್ನ ಹಿಂದೆ ಏನಿದೆ? ಒಂದು ರಾಶಿ ಛತ್ರಿ ಕಡ್ಡಿ. ಅವನಿಗೆ ನಾಚಿಕೆಯಾಯಿತು. ಹೊಳೆಯಾಚೆ ಮುನಿಯಾಚಾರ್ರು ಎಂಬ ದೊಡ್ಡ ಕೆಲಸಗಾರರಿದ್ದರು, ಅವರು ಕಲಿಸಿದರು, ಈಗ ಅವರಿಲ್ಲ ಎಂದುಬಿಟ್ಟ. ಇಲ್ಲದ ಮನುಷ್ಯನನ್ನು ಹುಟ್ಟಿಸಿ, ಅದೇ ಉಸಿರಿನಲ್ಲಿ ಸಾಯಿಸಿಯೂ ಬಿಟ್ಟ.

ಕರಿಗಿರಯ್ಯನವರು ತಲೆದೂಗಿ ಮೇಳದ ಪದ್ಧತಿಯನ್ನು ತಿಳಿಸಿದರು. ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕಣ್ಣು ಬರೆಯುವ ತನಕ ಅದು ಮರ. ಬರೆದ ಮೇಲೆ ಮೇಳದ ಪೆಟ್ಟಿಗೆಯಲ್ಲಿ ಅದಕ್ಕೊಂದು ಜಾಗ. ಬರೆಯಬೇಕಾದವರು ಮಾಡಿದವನ ಗುರು. ಗುರು ತೀರಿಹೋಗಿದ್ದರೆ ಅವರ ಉಳಿಯನ್ನು ತಂದು ಮಣೆಯ ಮೇಲಿಟ್ಟು, ಮೇಳದವರೆಲ್ಲ ಅದಕ್ಕೆ ಅಡ್ಡ ಬಿದ್ದು, ಆಮೇಲೆ ಮಾಡಿದವನೇ ಬರೆಯಬೇಕು. ಮುಂದಿನ ಶುಕ್ರವಾರ ಸಂಜೆ ಆಟ ಗೊತ್ತಾಗಿದೆ, ಅಂದು ಬೆಳಗ್ಗೆ ಮುನಿಯಾಚಾರ್ರ ಉಳಿ ತೆಗೆದುಕೊಂಡು ಬಾ ಎಂದರು.

ಮುದ್ದರಂಗ ಹೂಂ ಎಂದ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಉಳಿ ಇಲ್ಲ ಎಂದರೆ ಕಣ್ಣಿಲ್ಲ. ಕಣ್ಣಿಲ್ಲ ಎಂದರೆ ಏಳು ವರ್ಷದ ಕೆಲಸ ಓಬಮ್ಮನ ಬಾಗಿಲಿಗೆ ಒತ್ತು.

ಅವನ ಸ್ವಂತ ಉಳಿಗಳನ್ನು ಇಡುವ ಹಾಗಿರಲಿಲ್ಲ. ಛತ್ರಿಯ ಹಳೆಯ ಕಡ್ಡಿಗಳನ್ನು ಬಡಿದು ಚೂಪು ಮಾಡಿಕೊಂಡ ಉಳಿಗಳು ಅವು. ಯಾವ ಆಚಾರ್ರೂ ಅವನ್ನು ಮುಟ್ಟುವುದಿಲ್ಲ ಎಂದು ನೋಡಿದೊಡನೆ ತಿಳಿಯುತ್ತದೆ. ಅವನು ಪೇಟೆಯ ಗುಜರಿ ಅಂಗಡಿಗೆ ಹೋದ. ತುಕ್ಕು ಹಿಡಿದ ಸಾಮಾನಿನ ರಾಶಿಯಲ್ಲಿ ಹುಡುಕಿ, ಹಿಡಿ ಸವೆದು ನುಣ್ಣಗಾದ ಹಳೆಯ ಉಳಿಯೊಂದನ್ನು ಆರಿಸಿ ತಂದ. ಬೂದಿ ಹಾಕಿ ಉಜ್ಜಿದ. ಉಜ್ಜಿದಷ್ಟೂ ಅದು ದೊಡ್ಡ ಕೆಲಸಗಾರರ ಉಳಿಯ ಹಾಗೆಯೇ ಕಾಣತೊಡಗಿತು.

ಓಬಮ್ಮ ಅದು ಯಾರದು ಎಂದು ಕೇಳಿದಳು. ಹೆಂಡತಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಗಂಡಸು ಅವನಲ್ಲ. ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

"ನೀವು ರಾಣಿ ಕೈಯಿ ಮುಗಿಸಿದಾಗ ನಾನು ಮುಗಿದೆ. ಈ ಕಬ್ಬಿಣಕ್ಕೆ ನನ್ನ ಕೈಯಿ ಏಳಲ್ಲ. ನೀವೇ ಹೋಗ್ಬನ್ನಿ" ಎಂದಳು.

ಶುಕ್ರವಾರ ಬೆಳಗ್ಗೆ ಮೇಳದ ಮನೆಯ ಪಡಸಾಲೆ ಸಾರಿಸಿ ರಂಗೋಲಿ ಹಾಕಿದ್ದರು. ಗೋಡೆಗೆ ಒರಗಿಸಿ ರಾಣಿಯನ್ನು ಕೂರಿಸಿದ್ದರು. ಕಣ್ಣಿನ ಜಾಗದಲ್ಲಿ ಬರೀ ಬಿಳಿ ಬಣ್ಣ. ಮುಂದೆ ಒಂದು ಮಣೆ, ಮಣೆಯ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಉಳಿ. ಉಳಿಗೆ ಅರಿಶಿನ ಕುಂಕುಮ ಹಚ್ಚಿ ಕಣಗಿಲೆ ಹೂವು ಇಟ್ಟಿದ್ದರು. ಪಕ್ಕದ ಚಿಪ್ಪಿನಲ್ಲಿ ಕಾಡಿಗೆ ಕಲಸಿಟ್ಟಿತ್ತು. ಮುದ್ದರಂಗ ಒಂದು ಮೂಲೆಯಲ್ಲಿ ನಿಂತಿದ್ದ. ಇನ್ನು ಸ್ವಲ್ಪ ಹೊತ್ತು ಕಳೆದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದು ನಿಜವೇ. ಯಾರಿಗೂ ತಿಳಿಯುತ್ತಿರಲಿಲ್ಲ.

ಮೊದಲು ಅಡ್ಡ ಬೀಳಬೇಕಾದವರು ಯಜಮಾನರು. ಮಂಡಿ ನೋವಿದೆ, ನಿಂತೇ ಕೈ ಮುಗಿಯಿರಿ ಎಂದು ಮೇಳದವರು ಹೇಳಿದರು. ಕರಿಗಿರಯ್ಯನವರು ಕೇಳಲಿಲ್ಲ. ಇಂಥ ಕತ್ತು ಕೂರಿಸಲು ಕಲಿಸಿದವರಿಗೆ ನಿಂತು ಕೈ ಮುಗಿದರೆ ಹೇಗೆ ಎಂದರು. ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಸುತ್ತಿಕೊಂಡರು. ಇಬ್ಬರ ಹೆಗಲು ಹಿಡಿದು ಮೆಲ್ಲಗೆ ಬಗ್ಗಿದರು. ಒಂದು ಮಂಡಿ ನೆಲಕ್ಕೆ ಮುಟ್ಟಿತು. ನೋವಿಗೆ ಅವರು ಮುಖ ಕಿವುಚಿದರು. ಇನ್ನೊಂದು ಮಂಡಿಯನ್ನೂ ಊರಲು ಹೊರಟರು.

ಮುದ್ದರಂಗನಿಗೆ ನೋಡಲಾಗಲಿಲ್ಲ. ಅವನು ಓಡಿಬಂದು ಅವರ ತೋಳು ಹಿಡಿದುಕೊಂಡ.

"ಬ್ಯಾಡಿ ಯಜಮಾನ್ರೇ, ಏಳಿ. ಅದು ಗುಜರಿ ಅಂಗಡೀದು. ಮುನಿಯಾಚಾರ್ರು ಅಂತ ಯಾರೂ ಇಲ್ಲ."

ಮೇಳದ ಮದ್ದಳೆ ಬಾರಿಸುವವನಿಗೆ ಸಿಟ್ಟು ಬಂತು. ಸುಳ್ಳು ಹೇಳಿದವನ ಗೊಂಬೆ ನಮ್ಮ ಪೆಟ್ಟಿಗೆಗೆ ಬೇಡ, ಎತ್ತಿ ಆಚೆ ಇಡಿ ಎಂದ. ಕರಿಗಿರಯ್ಯನವರು ಒಂದು ಮಂಡಿಯ ಮೇಲೆ ಹಾಗೆಯೇ ಕೂತು, ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಆಮೇಲೆ ಮೊದಲು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಹಾಗಾದರೆ ಈ ಕತ್ತು ಕೂರಿಸಲು ಯಾರು ಕಲಿಸಿದರು?

ಯಾರೂ ಕಲಿಸಲಿಲ್ಲ, ಇದಕ್ಕೆ ಮೊದಲು ಎಂಟು ಗೊಂಬೆ ಕೆಡಿಸಿದೆ, ಕೆಡಿಸುತ್ತಾ ಕೆಡಿಸುತ್ತಾ ಬಂತು ಎಂದ ಮುದ್ದರಂಗ. ಆ ಎಂಟು ಎಲ್ಲಿವೆ ಎಂದು ಅವರು ಕೇಳಿದರು. ಮನೆಯಲ್ಲಿವೆ, ಒಂದನ್ನು ಬಾಗಿಲಿಗೆ ಒತ್ತು ಕೊಟ್ಟಿದ್ದೇವೆ ಎಂದ. ಯಾರೋ ಕಿಸಕ್ಕೆಂದರು. ಕರಿಗಿರಯ್ಯನವರು ನಗಲಿಲ್ಲ.

"ಹೋಗಿ ತಗೊಂಬಾ. ಎಂಟೂ ಬರ್ಬೇಕು. ನಾವು ಕಾಯ್ತೀವಿ" ಎಂದರು.

ಮುದ್ದರಂಗ ಸೈಕಲ್ ತುಳಿದ. ಯಜಮಾನರು ಎಂಟನ್ನೂ ತರಲು ಹೇಳಿದ್ದಾರೆ ಎಂದ ಕೂಡಲೇ ಓಬಮ್ಮ ಎದ್ದಳು. ಸಂಡಿಗೆಯ ಗೊಂಬೆ ಕಿತ್ತಳು, ಹಗ್ಗದ ಗೊಂಬೆ ಬಿಚ್ಚಿದಳು. ಏಳು ಗೊಂಬೆ ಗೋಣಿಚೀಲಕ್ಕೆ ಹೋದವು. ಬಾಗಿಲ ಗೊಂಬೆ ಹಿಡಿಸಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಅವಳೂ ಸೈಕಲ್ಲಿನ ಹಿಂದೆ ಕೂತಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಇಬ್ಬರೂ ಮೇಳದ ಮನೆ ಮುಟ್ಟಿದರು.

ಎಂಟು ಗೊಂಬೆಗಳನ್ನೂ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದರು. ನೋಡಲು ಒಂದೂ ಚೆಂದವಿರಲಿಲ್ಲ. ಒಂದರ ಕಿವಿಯಲ್ಲಿ ಸಂಡಿಗೆಯ ಚೂರು ಬೇರೆ ಅಂಟಿತ್ತು. ಕರಿಗಿರಯ್ಯನವರು ಒಂದೊಂದನ್ನೇ ಕೈಗೆತ್ತಿಕೊಂಡು, ಇದು ಏನು ಕೆಟ್ಟಿತು ಎಂದು ವಿಚಾರಿಸಿದರು.

ಮೊದಲನೆಯದು ಹಲಸಿನ ಮರದ್ದು. ದೇವರ ಪೀಠಕ್ಕೆ ಹಲಸು ಹಾಕುತ್ತಾರೆ, ಗೊಂಬೆಗೂ ಅದೇ ಇರಲಿ ಎಂದು ಕೆತ್ತಿದ್ದ. ಸಿಂಬೆಗೆ ಕಟ್ಟಿಕೊಂಡು ನಿಂತದ್ದಕ್ಕೆ ಮೂರು ದಿನ ಅವನ ಕತ್ತು ಹಿಡಿದುಕೊಂಡಿತ್ತು. ಆಡಿಸುವವನ ಕತ್ತನ್ನು ನೆನೆದು ಮರ ಆರಿಸಬೇಕು ಎಂದು ಅಂದು ತಿಳಿಯಿತು, ಆಮೇಲಿನದಕ್ಕೆಲ್ಲ ಹಗುರವಾದ ಹಾಲವಾಣದ ಮರ ತಂದ. ಸಂಡಿಗೆ ಕಾಯುತ್ತಿದ್ದ ಗೊಂಬೆಯ ಮೊಣಕೈ ಎರಡು ಕಡೆಗೂ ಮಡಚುತ್ತಿತ್ತು. ಕೈ ಮುಗಿಸಲು ಹೋದರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿತ್ತು. ಮುಂದಿನದಕ್ಕೆ ಮೊಣಕೈಯೊಳಗೆ ಒಂದು ತೊಗಲಿನ ತುಂಡು ಇಟ್ಟ. ಹಗ್ಗದ ಗೊಂಬೆಯ ಮುಖ ಕೈಯಲ್ಲಿ ಹಿಡಿದರೆ ಬಲು ಸೊಗಸು. ಹತ್ತು ಮಾರು ದೂರದಿಂದ ನೋಡಿದ ಓಬಮ್ಮ, ಇವಳಿಗೆ ಮೂಗೇ ಇಲ್ಲವಲ್ಲ ಎಂದಿದ್ದಳು. ನೋಡುವವರು ಚಾಪೆಯ ಮೇಲೆ ದೂರದಲ್ಲಿ ಕೂತಿರುತ್ತಾರೆ ಎಂಬುದನ್ನೇ ಅವನು ಮರೆತಿದ್ದ. ಎಂಟನೆಯದರ ದಾರ ನೆತ್ತಿಗೆ ಕಟ್ಟಿತ್ತು. ಏನು ಕೇಳಿದರೂ ಹೂಂ ಹೂಂ ಎಂದು ತಲೆ ಆಡಿಸುತ್ತಿತ್ತು. ದಾರವನ್ನು ಎರಡು ಕಿವಿಗಳ ಹಿಂದಕ್ಕೆ ಒಯ್ದ ಮೇಲೆ, ಒಂಬತ್ತನೆಯದು ಬಾಗಿತು.

ಹೇಳುತ್ತಾ ಹೇಳುತ್ತಾ ಮುದ್ದರಂಗನ ನಾಚಿಕೆ ಎಲ್ಲಿಗೆ ಹೋಯಿತೋ. ಸಿಟ್ಟಾಗಿದ್ದ ಮದ್ದಳೆಯವನೇ ಹತ್ತಿರ ಬಂದು, ಮೊಣಕೈಯ ತೊಗಲನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ.

ಕರಿಗಿರಯ್ಯನವರು ಎಂಟನೆಯದನ್ನು ಕೆಳಗಿಟ್ಟು ಮುದ್ದರಂಗನ ಕಡೆ ತಿರುಗಿದರು.

"ನೀನು ನಂಗೆ ಸುಳ್ಳು ಹೇಳ್ದೆ, ಅದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದದೆ ಕಣಪ್ಪ. ಏಳು ವರ್ಷ ಪಾಠ ಹೇಳಿದೋರನ್ನ ಬಾಗಿಲ ಹಿಂದೆ ನಿಲ್ಸಿ, ಯಾವುದೋ ತುಕ್ಕಿಗೆ ಮಣೆ ಹಾಕ್ದೆ" ಎಂದರು.

ಮುದ್ದರಂಗನ ಕಣ್ಣಲ್ಲಿ ನೀರು ಬಂತು. ಅವನು ತಾನೇ ಹೋಗಿ ಉಳಿಯನ್ನು ಮಣೆಯಿಂದ ತೆಗೆದ. ಕರಿಗಿರಯ್ಯನವರು ಬಾಗಿಲ ಗೊಂಬೆಯನ್ನು ಎತ್ತಿ ಅಲ್ಲಿ ಕೂರಿಸಿ, ಹೂವನ್ನು ಅದರ ತಲೆಗೆ ಇಟ್ಟರು. ಆಮೇಲೆ ಇಬ್ಬರ ಹೆಗಲು ಹಿಡಿದು ಬಗ್ಗಿದರು. ಬೆಳಗ್ಗೆ ಅರ್ಧಕ್ಕೆ ನಿಂತಿದ್ದ ನಮಸ್ಕಾರವನ್ನು, ಎರಡು ಮಂಡಿಯನ್ನೂ ಊರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ ಪೂರ್ತಿ ಮಾಡಿದರು. ಮೇಳದವರೆಲ್ಲ ಅಡ್ಡ ಬಿದ್ದರು. ಓಬಮ್ಮನ ಕೈಯೂ ಎದ್ದಿತು.

ಕಣ್ಣನ್ನು ಮುದ್ದರಂಗನೇ ಬರೆದ. ಎಡಗಣ್ಣು ಒಂದು ಕೂದಲೆಳೆ ದೊಡ್ಡದಾಯಿತು. ಅವನು ಹೆದರಿ ಯಜಮಾನರ ಮುಖ ನೋಡಿದ.

"ಇರ್ಲಿ ಬಿಡು, ಹತ್ತನೇದಕ್ಕೆ ಸರಿಯಾಯ್ತದೆ" ಎಂದರು ಅವರು.

ಆ ಸಂಜೆ ಆಟದಲ್ಲಿ ರಾಣಿ ಕೈ ಮುಗಿದು ತಲೆ ಬಾಗಿಸಿದಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಟ ಮುಗಿದ ಮೇಲೆ ರಾಣಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಅವಳ ಪಕ್ಕದಲ್ಲಿ ಹಲಸಿನ ಮರದ ಆ ಭಾರದ ಗೊಂಬೆಗೂ ಜಾಗ ಮಾಡಿದರು. ಪೆಟ್ಟಿಗೆ ಹೊರುವವರು ಗೊಣಗಿದರು, ಯಜಮಾನರು ಕೇಳಿಸಿಕೊಳ್ಳಲಿಲ್ಲ.

ಇತ್ತ ಓಬಮ್ಮನ ಮನೆಯ ಬಾಗಿಲು ಗಾಳಿಗೆ ಮತ್ತೆ ಬಡಿಯತೊಡಗಿತು. ಅವಳು ಸುತ್ತ ಮುತ್ತ ನೋಡಿ, ಗುಜರಿ ಅಂಗಡಿಯ ಉಳಿಯನ್ನು ಎತ್ತಿಕೊಂಡು ಬಾಗಿಲ ಸಂದಿಗೆ ಸಿಕ್ಕಿಸಿದಳು. ಈಗಲೂ ಅದು ಅಲ್ಲೇ ಇದೆ.

ನೀತಿ: ಗುರುವಿಲ್ಲದೆ ಕಲಿತೆ ಎಂದು ಯಾರೂ ನಾಚಬೇಕಾಗಿಲ್ಲ. ನಾವು ಕೆಡಿಸಿದ ಕೆಲಸಗಳೇ ನಮಗೆ ಪಾಠ ಹೇಳಿರುತ್ತವೆ. ಅವನ್ನು ಮುಚ್ಚಿಟ್ಟು ದೊಡ್ಡವರ ಹೆಸರನ್ನು ಎರವಲು ತರುವವನು ತನಗೆ ಕಲಿಸಿದವರನ್ನೇ ಮರೆತಂತೆ.