ಪಾನಕವಾದ ಐಸು, ಉಳಿದ ಒಂದು ನಳಿಕೆ

ಒಂದು ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬಿನಲ್ಲಿ ಕಾತ್ಯಾಯಿನಿ ಮೇಡಂ ಎಂಬ ಗುರುಗಳಿದ್ದರು. ಅವರಿಗೊಬ್ಬ ಶಿಷ್ಯ, ಶಿಶುಪಾಲ. ಆ ಶಿಶುಪಾಲ ನಾನೇ ಎಂದು ಹಳೆಯ ಗೆಳೆಯರು ಸುದ್ದಿ ಹಬ್ಬಿಸಿದ್ದಾರೆ. ನಂಬಬೇಡಿ.

ಆ ಕಾಲವೇ ಚೆಂದ. ಐಸ್ ಮಾಡುವ ಯಂತ್ರ ಇರಲಿಲ್ಲ. ಬೆಳಿಗ್ಗೆ ಹುಸೇನ್ ಸಾಬರು ಸೈಕಲ್ಲಿನ ಮೇಲೆ ಆನೆಯಷ್ಟು ದೊಡ್ಡ ಐಸ್ ಗಡ್ಡೆ ತರುತ್ತಿದ್ದರು. ಹೋಗಲಿ, ಕರುವಿನಷ್ಟು. ಅದಕ್ಕೆ ಮೆತ್ತಿದ ಮರದ ಹೊಟ್ಟಿನ ವಾಸನೆ ಇನ್ನೂ ಮೂಗಿನಲ್ಲಿದೆ.

ಲ್ಯಾಬಿನ ಕೆಲಸ ಇಷ್ಟೆ. ರೋಗಿಗೆ ಕೊಟ್ಟ ಕೀಮೋ ಔಷಧಿ ಕ್ಯಾನ್ಸರ್ ಜೀವಕೋಶದ ಒಳಗೆ ಎಷ್ಟು ಹೋಗಿದೆ, ಹೋದದ್ದು ರೋಗ ಕೊಲ್ಲುವ ರೂಪಕ್ಕೆ ಎಷ್ಟು ಬದಲಾಗಿದೆ ಎಂದು ಅಳೆಯುವುದು. ಹೊರಗೆ ಅಂಟಿದ ಔಷಧಿ ಹೋಗಲೆಂದು ಕೋಶಗಳನ್ನು ಮೊದಲು ಐಸಿನಲ್ಲಿಟ್ಟೇ ತೊಳೆಯಬೇಕು. ಬೆಚ್ಚಗಾದರೆ ಒಳಗಿನದು ಸೋರಿ, ಅಳತೆ ಸುಳ್ಳಾಗುತ್ತದೆ.

ಒಂದು ಏಪ್ರಿಲ್ ಮಧ್ಯಾಹ್ನ ಶಿಶುಪಾಲ ಬಕೆಟ್ಟಿನ ಐಸ್ ಕದ್ದು ಇಡೀ ಲ್ಯಾಬಿಗೆ ನಿಂಬೆ ಪಾನಕ ಮಾಡಿದ. ಬಕೆಟ್ಟಿಗೆ ನಲ್ಲಿ ನೀರು ಸುರಿದು, ನಾಲ್ಕೇ ತುಂಡು ತೇಲಿಬಿಟ್ಟ. ಅದರಲ್ಲೇ, ರಕ್ತದ ಕ್ಯಾನ್ಸರಿಗೆಂದು ವಾರ್ಡಿನಲ್ಲಿದ್ದ ಹೊಲಿಗೆ ಟೀಚರ್ ಫಿಲೋಮಿನಾ ಅವರ ಕೋಶಗಳನ್ನು ಇಟ್ಟು ತೊಳೆದ.

ಸಂಜೆ ಅಳತೆ ಬಂತು. ಕೋಶದಲ್ಲಿ ಔಷಧಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

"ಪಾಪ, ಈ ಔಷಧಿ ಟೀಚರಿಗೆ ನಾಟುತ್ತಿಲ್ಲ" ಎಂದು ಮೇಡಂ ವಾರ್ಡಿನ ಡಾಕ್ಟರಿಗೆ ಹೇಳಲು ಫೋನ್ ಎತ್ತಿದರು. "ನಾಳೆಯಿಂದ ಬೇರೆಯದು ಕೊಡಲಿ. ಅದು ಭಾರೀ ಕಠಿಣ. ಆಕೆಯ ಮೈ ತಡೆಯುತ್ತದೋ ಇಲ್ಲವೋ."

ಶಿಶುಪಾಲ ಬಕೆಟ್ಟಿನತ್ತ ನೋಡಿದ. ಹೋದ ವಾರವಷ್ಟೇ ಟೀಚರ್ ಮಂಚದ ಮೇಲೆ ಕೂತೇ ಅವನ ಅಂಗಿಗೆ ಗುಂಡಿ ಹಾಕಿಕೊಟ್ಟಿದ್ದರು. ಬಾಯಿಬಿಟ್ಟರೆ ಲ್ಯಾಬಿನಿಂದ ಓಡಿಸುತ್ತಾರೆ. ಅವನು ಗುಂಡಿ ಮುಟ್ಟಿ ನೋಡಿಕೊಂಡ.

"ಮೇಡಂ, ಫೋನ್ ಇಡಿ. ಕೋಶ ತೊಳೆಯುವ ಐಸು ನಿಮ್ಮ ಹೊಟ್ಟೆಯಲ್ಲಿದೆ."

"ಏನಂದೆ?"

"ಎರಡು ಲೋಟ."

"ಅಯ್ಯೋ ಕತ್ತೆ! ಟೀಚರ ಕೋಶ ಏನಾದರೂ ಉಳಿದಿದೆಯೇನೋ?"

"ಒಂದು ನಳಿಕೆ. ನಿಮ್ಮ ಫ್ರಿಜ್ಜಿನಲ್ಲಿದೆ. ಅದರ ಬೀಗದ ಕೈ ನನಗೆ ಸಿಗಲಿಲ್ಲ, ಅದಕ್ಕೇ ಉಳಿಯಿತು."

ಶಿಶುಪಾಲ ಹುಸೇನ್ ಸಾಬರ ಮನೆಗೆ ಓಡಿ, ಗಡ್ಡೆಯನ್ನು ಹೆಗಲ ಮೇಲೆ ಹೊತ್ತು ತಂದ. ಮೇಡಂ ತಾವೇ ತೊಳೆದು ಅಳೆದರು. ಕೋಶದ ತುಂಬ ಔಷಧಿ, ಅದೂ ಕೊಲ್ಲುವ ರೂಪದಲ್ಲೇ! ಟೀಚರ ಔಷಧಿ ಬದಲಾಗಲಿಲ್ಲ.

ಶಿಶುಪಾಲನನ್ನು ಓಡಿಸಲೂ ಇಲ್ಲ. ಒಂದು ವರ್ಷ ಐಸ್ ಹೊರಿಸಿದರು, ಅಷ್ಟೆ. ಈಗಲೂ ಏಪ್ರಿಲ್ ಬಂದರೆ ನನ್ನ, ಅಂದರೆ ಶಿಶುಪಾಲನ, ಎಡ ಹೆಗಲು ತಣ್ಣಗಾಗುತ್ತದೆ.

ನೀತಿ: ತಪ್ಪು ಯಾರಿಂದಲೂ ಆಗುತ್ತದೆ. ತಿದ್ದಲು ಒಂದು ನಳಿಕೆಯಾದರೂ ಉಳಿದಿರುವಾಗಲೇ ಅದನ್ನು ಒಪ್ಪಿಕೊಳ್ಳಬೇಕು.